ಶಾಲೆ ಬಿಟ್ಟ ಮೇಲೆ ಮಗುವನ್ನು ಯಾವ ಕ್ಲಾಸಿಗೆ ಸೇರಿಸಬೇಕು? ಹಾಸನದ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ಜೂನ್ ಬಂದರೆ ಹಾಸನದಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ಒಂದೆರಡು ಕರಪತ್ರ ಕೆಳಗೆ ಬೀಳುತ್ತವೆ. ಕರಾಟೆ, ಭರತನಾಟ್ಯ, ಅಬ್ಯಾಕಸ್, ಕೀಬೋರ್ಡ್, ಸ್ಕೇಟಿಂಗ್, ಟ್ಯೂಷನ್. ಪಕ್ಕದ ಮನೆಯ ಮಗು ಆಗಲೇ ಎರಡಕ್ಕೆ ಸೇರಿರುತ್ತದೆ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮಗನ ಹಳದಿ ಬೆಲ್ಟಿನ ಫೋಟೊ ಹಾಕಿರುತ್ತಾರೆ. ನಮ್ಮದು ಮಾತ್ರ ಸೋಫಾ ಮೇಲೆ ಮೊಬೈಲ್ ಹಿಡಿದು ಬಿದ್ದಿದೆ ಅನ್ನಿಸುತ್ತದೆ. ಆ ವಾರವೇ ಯಾವುದೋ ಕ್ಲಾಸಿಗೆ ಮೂರು ತಿಂಗಳ ಫೀಸು ಕಟ್ಟಿ ಬರುತ್ತೇವೆ. ದಸರಾ ರಜೆ ಮುಗಿಯುವಷ್ಟರಲ್ಲಿ ಮಗು "ನಾನು ಹೋಗಲ್ಲ" ಅಂತ ಹಟ ಹಿಡಿದಿರುತ್ತದೆ.

ಹೀಗಾಗಲು ಕ್ಲಾಸು ಕೆಟ್ಟದ್ದೇ ಇರಬೇಕೆಂದಿಲ್ಲ. ಎಷ್ಟೋ ಸಲ ಮನೆಗೆ ಬೇಕಾಗಿದ್ದು ಒಂದು, ದುಡ್ಡು ಕೊಟ್ಟಿದ್ದು ಇನ್ನೊಂದಕ್ಕೆ. ಅದಕ್ಕೇ ಕ್ಲಾಸು ಹುಡುಕುವ ಕೆಲಸವನ್ನು ಎರಡು ದಿನ ಮುಂದಕ್ಕೆ ಹಾಕಿ, ಮೊದಲು ಮನೆಯಲ್ಲಿ ಕೂತು ಮಾತಾಡಿ.

1. ಏನಕ್ಕೆ ಬೇಕು ಅಂತ ತೀರ್ಮಾನ ಮಾಡಿ

ಕಾರಣ ಸಾಮಾನ್ಯವಾಗಿ ಮೂರೇ. ನೀವು ಕೆಲಸದಿಂದ ಬರುವವರೆಗೆ ಮಗು ಸುರಕ್ಷಿತವಾಗಿ ಎಲ್ಲಾದರೂ ಇರಬೇಕು. ಇಲ್ಲವೇ ಪಾಠದಲ್ಲಿ ಹಿಂದೆ ಬಿದ್ದಿದೆ. ಇಲ್ಲವೇ ಆಟವೋ ಹಾಡೋ ಏನಾದರೂ ಕಲಿಯಲಿ ಅನ್ನುವ ಆಸೆ. ಮೂರೂ ಒಂದೇ ಕಡೆ ಸಿಗುವುದು ಅಪರೂಪ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯನ್ನೇ ತೆಗೆದುಕೊಳ್ಳಿ. ಬ್ಯಾಂಕು, ಸರ್ಕಾರಿ ಕಚೇರಿ, ಗಾರ್ಮೆಂಟ್ಸ್ ಶಿಫ್ಟು ಯಾವುದೇ ಇರಲಿ, ಮನೆ ಸೇರುವಾಗ ಆರು ದಾಟಿರುತ್ತದೆ. ಅಂಥವರು ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆಯ ಡ್ಯಾನ್ಸ್ ಕ್ಲಾಸಿಗೆ ಸೇರಿಸಿದರೆ ತಲೆನೋವು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಬಿಡುವುದು ಯಾರು, ಕರೆದುಕೊಂಡು ಬರುವುದು ಯಾರು, ಉಳಿದ ಎರಡು ದಿನ ಏನು? ಇವರಿಗೆ ಬೇಕಾಗಿರುವುದು ಡೇ ಕೇರ್. ಅಥವಾ ಶಾಲೆಯಲ್ಲೇ ಸಂಜೆ ಉಳಿಸಿಕೊಳ್ಳುವ ವ್ಯವಸ್ಥೆ. ಅಲ್ಲಿ ಕೇಳಬೇಕಾದ್ದೂ ಬೇರೆ: ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಟ್ಟುಕೊಳ್ಳುತ್ತೀರಾ? ದಸರಾ ರಜೆ, ಬೇಸಿಗೆ ರಜೆಯಲ್ಲಿ ತೆರೆದಿರುತ್ತದಾ? ನಾನು ಅರ್ಧ ಗಂಟೆ ತಡವಾದರೆ ಮಗುವಿನ ಜೊತೆ ಯಾರಿರುತ್ತಾರೆ? ಊಟ-ತಿಂಡಿ ನಿಮ್ಮದೋ ನಮ್ಮದೋ?

ಇನ್ನು ಪಾಠದ ವಿಷಯ. ಟ್ಯೂಷನ್ ಹುಡುಕುವ ಮೊದಲು ಶಾಲೆಯ ಟೀಚರ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ಮಿಸ್, ಇವನಿಗೆ ಯಾವುದು ಬರ್ತಿಲ್ಲ?" "ಮ್ಯಾಥ್ಸ್ ವೀಕು" ಅಂದರೆ ಬಿಡಬೇಡಿ. ಮಗ್ಗಿ ಬರುವುದಿಲ್ಲವೋ, ಭಾಗಾಕಾರ ತಪ್ಪುತ್ತಾನೋ, ಲೆಕ್ಕ ಗೊತ್ತಿದ್ದೂ ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳಲು ಆಗುತ್ತಿಲ್ಲವೋ? ಕೊನೆಯದಾದರೆ ಅದು ಓದಿನ ತೊಂದರೆ. ಗಣಿತದ ಟ್ಯೂಷನ್‌ನಿಂದ ಸರಿಹೋಗುವುದಿಲ್ಲ. ನನ್ನ ಮಟ್ಟಿಗೆ ನಾಲ್ಕನೇ ತರಗತಿವರೆಗೆ ಟ್ಯೂಷನ್ ಬೇಡವೇ ಬೇಡ. ಮನೆಯಲ್ಲಿ ಯಾರಾದರೂ ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂತರೆ ಸಾಕು. ಅಪ್ಪ-ಅಮ್ಮನಿಗೆ ಓದು ಬರದಿದ್ದರೆ, ಇಬ್ಬರೂ ಕೂಲಿಗೆ ಹೋಗುವವರಾಗಿದ್ದರೆ ಮಾತು ಬೇರೆ. ಅಲ್ಲಿ ಒಳ್ಳೆಯ ಟ್ಯೂಷನ್ ನಿಜವಾಗಿ ಕೈಹಿಡಿಯುತ್ತದೆ.

ಕ್ಲಾಸ್ ಟೀಚರೇ "ನನ್ನ ಹತ್ತಿರ ಟ್ಯೂಷನ್‌ಗೆ ಕಳಿಸಿ" ಅಂದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಜಗಳ ಮಾಡಬೇಕಾಗಿಲ್ಲ. ಆದರೆ ಹೋಗದಿದ್ದರೆ ಮಾರ್ಕ್ಸ್ ಕಡಿಮೆ ಆಗಬಹುದು ಅನ್ನುವ ಭಯಕ್ಕೆ ಸೇರಿಸಬೇಡಿ.

ಐದನೇ ತರಗತಿಯ ಮಕ್ಕಳ ಮನೆಗಳಲ್ಲಿ ನವೋದಯ ಕೋಚಿಂಗ್ ಮಾತು ಬಂದೇ ಬರುತ್ತದೆ. ನಮ್ಮ ಜಿಲ್ಲೆಯ ನವೋದಯ ಇರುವುದು ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿ. ಆರನೇ ತರಗತಿ ಪ್ರವೇಶಕ್ಕೆ ಎರಡು ಗಂಟೆಯ ಪರೀಕ್ಷೆ. ಒಟ್ಟು 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧದಷ್ಟು, ಅಂದರೆ 40 ಪ್ರಶ್ನೆ, ಬುದ್ಧಿಶಕ್ತಿಯದ್ದು. ಆಕೃತಿ ಹೊಂದಿಸುವುದು, ಬೇರೆಯಾದದ್ದನ್ನು ಗುರುತಿಸುವುದು, ಇಂಥವು. ಉಳಿದ ಅರ್ಧ ಗಣಿತ ಮತ್ತು ಭಾಷೆ. ಕನ್ನಡದಲ್ಲೇ ಬರೆಯಬಹುದು. ಒಬ್ಬ ವಿದ್ಯಾರ್ಥಿಗೆ ಒಂದೇ ಅವಕಾಶ. ಇಷ್ಟು ಗೊತ್ತಿದ್ದರೆ ಕೋಚಿಂಗ್‌ನವರನ್ನು ಸರಿಯಾಗಿ ಪ್ರಶ್ನಿಸಬಹುದು: ಆಕೃತಿಯ ಪ್ರಶ್ನೆಗಳನ್ನು ಹೇಗೆ ಕಲಿಸುತ್ತೀರಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಮಾಡಿಸುತ್ತೀರಾ ಅಂತ. ಆಯ್ಕೆಯಾಗದಿದ್ದರೆ ಮಗುವಿಗೆ ಏನು ಹೇಳುತ್ತೀರಿ ಅನ್ನುವುದನ್ನು ಮಾತ್ರ ಸೇರಿಸುವ ಮೊದಲೇ ಮನೆಯಲ್ಲಿ ಯೋಚಿಸಿಕೊಳ್ಳಿ. ಬರೆಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಸೀಟು ಸಿಗುವುದಿಲ್ಲ.

ಆರು, ಏಳನೇ ತರಗತಿಗೇ ನೀಟ್, ಜೆಇಇ "ಫೌಂಡೇಶನ್" ಅಂತ ಬಂದರೆ ಇದೊಂದು ನೆನಪಿರಲಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳಬಾರದು, ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೇ ಸೇರಿಸಿಕೊಳ್ಳಬೇಕು ಅನ್ನುತ್ತದೆ ಅದು. ಪೂರ್ತಿ ಫೀಸು ಕಟ್ಟಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ವಾಪಸ್ ಕೊಡಬೇಕು ಅಂತಲೂ ಇದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರುಗಳಿಗೆ ಇದು. ಆಟ, ನೃತ್ಯ, ನಾಟಕದ ಕ್ಲಾಸುಗಳು ಇದರಲ್ಲಿ ಬರುವುದಿಲ್ಲ.

2. ಸಂಜೆಯ ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಶಾಲೆ ನಾಲ್ಕೂಕಾಲಿಗೆ ಬಿಡುತ್ತದೆ, ವ್ಯಾನ್ ಊರೆಲ್ಲ ಸುತ್ತಿ ಮನೆಗೆ ಬರುವಾಗ ಐದು. ಕೈಕಾಲು ತೊಳೆದು, ಹಾಲು ಕುಡಿದು, ಏನಾದರೂ ತಿನ್ನುವಾಗ ಐದೂವರೆ. ಕ್ಲಾಸಿಗೆ ಹೋಗಿ ಬರುವಷ್ಟರಲ್ಲಿ ಏಳು. ಹೋಂವರ್ಕ್, ಊಟ, ನಾಳೆಯ ಬ್ಯಾಗು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರೂವರೆಗೆ ಏಳುವ ಮಗು ಒಂಬತ್ತೂವರೆಗಾದರೂ ಮಲಗಿರಬೇಕು, ಅಲ್ವಾ? ಈಗ ಹಾಳೆಯಲ್ಲಿ ಏನು ಉಳಿಯಿತು ನೋಡಿ. ಆ ಉಳಿದದ್ದರಲ್ಲೇ ಮಗು ಸುಮ್ನೆ ಕೂರಬೇಕು, ಬೀದಿಯಲ್ಲಿ ಆಡಬೇಕು, ಅಜ್ಜಿ ಹತ್ತಿರ ಹರಟಬೇಕು.

ಅದಕ್ಕೇ ಪ್ರೈಮರಿ ಮಕ್ಕಳಿಗೆ ಒಂದು ಕ್ಲಾಸು ಸಾಕು ಅನ್ನುತ್ತೇನೆ. ಎರಡು ಬೇಕೇ ಬೇಕು ಅಂದರೆ ಒಂದು ಮೈ ಬೆವರುವಂಥದ್ದು ಇರಲಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ, ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯಲ್ಲಿ ಆರೇಳು ಗಂಟೆ ಬೆಂಚಿನ ಮೇಲೆ ಕೂತ ಮಗುವನ್ನು ಸಂಜೆ ಅಬ್ಯಾಕಸ್‌ಗೆ ಮತ್ತೆ ಕೂರಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅಬ್ಯಾಕಸ್‌ನಿಂದ ಕೂಡುವ ಕಳೆಯುವ ವೇಗ ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಭಿನ್ನರಾಶಿ ಅರ್ಥವಾಗುವುದು ಅದರಿಂದಲ್ಲ.

3. ದೂರ, ಮಳೆ, ಕತ್ತಲು

ಬೆಂಗಳೂರಿಗೆ ಹೋಲಿಸಿದರೆ ನಮ್ಮೂರಲ್ಲಿ ಏನು ದೂರ ಅಂತ ಅಂದುಕೊಳ್ಳುತ್ತೇವೆ. ಸಾಲಗಾಮೆ ರಸ್ತೆಯ ಕಡೆಯಿಂದ ಬಿ.ಎಂ. ರಸ್ತೆ ದಾಟಿ ಆಚೆ ಬಡಾವಣೆಗೆ ಸಂಜೆ ಐದೂವರೆಗೆ ಸ್ಕೂಟರಿನಲ್ಲಿ ಹೋಗಿ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ "ಹತ್ತೇ ನಿಮಿಷ" ಅಂತ ಲೆಕ್ಕ ಹಾಕಬೇಡಿ. ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಂತೂ ದೇವಸ್ಥಾನದ ಸುತ್ತಮುತ್ತ ಕ್ಲಾಸು ಇದ್ದರೆ ಆ ವಾರ ಮರೆತುಬಿಡಿ.

ಜುಲೈ ಮಳೆಯಲ್ಲೂ ಕ್ಲಾಸಿಗೆ ಹೋಗಲು ಆಗುತ್ತದಾ ಅನ್ನುವುದೇ ನಮ್ಮ ಕಡೆ ದೊಡ್ಡ ಪರೀಕ್ಷೆ. ಹಾಸನ ಪಟ್ಟಣದಲ್ಲಿ ಹೇಗೋ ನಡೆಯುತ್ತದೆ. ಸಕಲೇಶಪುರ, ಆಲೂರು, ಆಚೆ ಮೂಡಿಗೆರೆ ಕಡೆಯವರಿಗೆ ಗೊತ್ತಲ್ಲ. ಕೇಳಬೇಕಾದ ಪ್ರಶ್ನೆಗಳು: ಮೈದಾನದ ಕ್ಲಾಸಾದರೆ ಮಳೆ ದಿನ ಏನು ಮಾಡಿಸುತ್ತೀರಿ? ಒಳಗೆ ಜಾಗ ಇದೆಯಾ? ಡಿಸಿ ಮಳೆ ರಜೆ ಕೊಟ್ಟ ದಿನ ಕ್ಲಾಸು ಇರುತ್ತದಾ? ತಪ್ಪಿದ ಕ್ಲಾಸನ್ನು ಇನ್ನೊಂದು ದಿನ ಕೊಡುತ್ತೀರಾ? ಮಳೆಗಾಲದ ಮೂರು ತಿಂಗಳಲ್ಲಿ ಅರ್ಧ ಕ್ಲಾಸು ರದ್ದಾದರೂ ಫೀಸು ಪೂರ್ತಿ ಹೋಗುತ್ತಿರುತ್ತದೆ.

ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಕಾಫಿ ಕೊಯ್ಲು ಶುರುವಾಗುವುದೂ ಆಗಲೇ. ತೋಟದ ಮನೆಗಳಲ್ಲಿ ಮಗುವನ್ನು ಕರೆತರಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಆನೆ ಓಡಾಡುವ ಕಡೆಯವರಂತೂ ಕತ್ತಲಾಗುವ ಮೊದಲು ಮನೆ ಸೇರುವ ಹಾಗೆ ಸಮಯ ನೋಡಿಕೊಳ್ಳಲೇಬೇಕು. ಅಂಥವರಿಗೆ ವಾರದ ದಿನಗಳ ಸಂಜೆಗಿಂತ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆಯ ಬ್ಯಾಚು ಒಳ್ಳೆಯದು. ಇಲ್ಲದಿದ್ದರೆ ಬೇಸಿಗೆ ಶಿಬಿರ ಸಾಕು, ವರ್ಷವಿಡೀ ಬೇಡ.

ಆಟೊ, ವ್ಯಾನಿನಲ್ಲಿ ಕಳಿಸುವುದಾದರೆ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ ಒಂದು ದಿನ ನಿಂತು ಎಣಿಸಿ.

4. ದುಡ್ಡು ಕೊಡುವ ಮೊದಲು ಊರಲ್ಲಿ ಇರುವುದನ್ನು ನೋಡಿ

ಜಿಲ್ಲಾ ಕ್ರೀಡಾಂಗಣದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿ ಇದೆ. ಅಲ್ಲಿಗೆ ನೇರವಾಗಿ ಹೋಗಿ ಈಗ ಯಾವ ಆಟಕ್ಕೆ ಕೋಚ್ ಇದ್ದಾರೆ, ಯಾವ ಹೊತ್ತಿಗೆ, ಎಷ್ಟು ವಯಸ್ಸಿನ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಅಂತ ಕೇಳಿ. ಖಾಸಗಿ ಅಕಾಡೆಮಿಯ ಹಾಗೆ ಇವರು ಬ್ಯಾನರ್ ಕಟ್ಟುವುದಿಲ್ಲ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಬಾಲಭವನದ ಶಿಬಿರಗಳ ಬಗ್ಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಮಕ್ಕಳಿಗೆ ಪುಸ್ತಕ ಉಚಿತ.

ಶಾಲೆಯ ಪಿಟಿ ಮೇಷ್ಟ್ರನ್ನು ಮರೆಯಬೇಡಿ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರೇ. ಯಾವ ಕೋಚ್ ಹತ್ತಿರ ಕಲಿತ ಮಕ್ಕಳು ನಿಜವಾಗಿ ಆಡುತ್ತಾರೆ, ಯಾರು ಬರೀ ಟೀಶರ್ಟ್ ಮಾರುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಮಕ್ಕಳ ಕಾರ್ಯಕ್ರಮ ಇದ್ದಾಗ ಸುಮ್ನೆ ಹೋಗಿ ಕೂತು ಬನ್ನಿ. ಮುಂದಿನ ಸಾಲಿನಲ್ಲಿ ಕುಣಿಯುವ ನಾಲ್ಕು ಮಕ್ಕಳನ್ನು ನೋಡಬೇಡಿ, ಹಿಂದಿನ ಸಾಲಿನವರನ್ನು ನೋಡಿ. ಹಿಂದಿನ ಸಾಲಿಗೂ ತಾಳ ಬರುತ್ತಿದ್ದರೆ ಆ ಟೀಚರ್ ಎಲ್ಲರಿಗೂ ಕಲಿಸಿದ್ದಾರೆ ಅಂತ ಅರ್ಥ.

5. ಹೋಗಿ ಕೂತು ನೋಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಫೋನಿನಲ್ಲಿ ವಿಚಾರಿಸಿ ತೀರ್ಮಾನ ಮಾಡಬೇಡಿ. ಡೆಮೊ ಕ್ಲಾಸೂ ಸಾಲದು, ಅವತ್ತು ಎಲ್ಲರೂ ನಗುತ್ತಲೇ ಇರುತ್ತಾರೆ. ಮಾಮೂಲಿ ದಿನ ಹೋಗಿ, ಒಂದು ಗಂಟೆ ಹಿಂದೆ ಕೂರುತ್ತೇನೆ ಅನ್ನಿ. "ಪೇರೆಂಟ್ಸ್ ಒಳಗೆ ಬರಬಾರದು, ಮಕ್ಕಳ ಗಮನ ಹೋಗುತ್ತೆ" ಅಂದರೆ ಕಿಟಕಿಯಿಂದ ನೋಡಬಹುದಾ ಕೇಳಿ. ಅದಕ್ಕೂ ಇಲ್ಲ ಅಂದರೆ ಆ ಕ್ಲಾಸು ಬೇಡ.

ಒಂದು ಮಹಡಿ ಮೇಲಿನ ಕರಾಟೆ ಕ್ಲಾಸಿನಲ್ಲಿ ಹೀಗೆ ಕೂತಿದ್ದಾಗ ನೋಡಿದ್ದು. ಆರು ವರ್ಷದ ಹುಡುಗನೊಬ್ಬನ ಬೆಲ್ಟು ಪದೇಪದೇ ಬಿಚ್ಚಿ ಬೀಳುತ್ತಿತ್ತು. ಪಕ್ಕದವರು ನಕ್ಕರು. ಮಾಸ್ಟರ್ ದೊಡ್ಡ ಹುಡುಗಿಯೊಬ್ಬಳಿಗೆ "ನೀನು ಎಣಿಸಮ್ಮ" ಅಂತ ಹೇಳಿ ಉಳಿದವರ ಕಿಕ್ ನಿಲ್ಲದ ಹಾಗೆ ನೋಡಿಕೊಂಡರು. ಆಮೇಲೆ ಹುಡುಗನ ಮುಂದೆ ಮಂಡಿಯೂರಿ ಕೂತು ಬೆಲ್ಟು ಕಟ್ಟಿದರು. ಕಟ್ಟಿ ಬಿಡಲಿಲ್ಲ. ಬಿಚ್ಚಿದರು. "ಈಗ ನೀನು ಕಟ್ಟು." ಹುಡುಗ ತಪ್ಪು ಕಟ್ಟಿದ. ಮತ್ತೆ ಬಿಚ್ಚಿದರು. ಸರಿಯಾಗಿ ಕಟ್ಟಿದ ಮೇಲೆ ಅವನ ಬೆನ್ನು ತಟ್ಟಿ ಸಾಲಿಗೆ ಕಳಿಸಿದರು. ಎರಡು ನಿಮಿಷದ ಕೆಲಸ. ಗೋಡೆ ತುಂಬ ತೂಗುಹಾಕಿದ್ದ ಟ್ರೋಫಿ, ಸರ್ಟಿಫಿಕೇಟ್‌ಗಳಿಗಿಂತ ಆ ಎರಡು ನಿಮಿಷ ನನಗೆ ಜಾಸ್ತಿ ಹೇಳಿತು.

ನೀವೂ ಇಂಥದ್ದನ್ನೇ ಗಮನಿಸಿ. ಚೆನ್ನಾಗಿ ಮಾಡುವ ಮಗುವನ್ನು ಎಲ್ಲರೂ ಹೊಗಳುತ್ತಾರೆ. ಬಾರದ ಮಗುವಿಗೆ ಏನು ಮಾಡುತ್ತಾರೆ ನೋಡಿ. ಹೆಸರು ಹಿಡಿದು ಕರೆಯುತ್ತಾರಾ, "ಏ, ಕೆಂಪು ಶರ್ಟು" ಅನ್ನುತ್ತಾರಾ? ಒಂದು ಗಂಟೆಯಲ್ಲಿ ಒಂದೊಂದು ಮಗು ಎಷ್ಟು ಹೊತ್ತು ಸುಮ್ಮನೆ ಸರದಿಯಲ್ಲಿ ನಿಂತಿರುತ್ತದೆ? ಕ್ರಿಕೆಟ್ ಕೋಚಿಂಗಿನಲ್ಲಿ ಇದು ದೊಡ್ಡ ವಿಷಯ. ಒಂದೇ ನೆಟ್, ಇಪ್ಪತ್ತೈದು ಮಕ್ಕಳು ಇದ್ದರೆ ನಿಮ್ಮ ಮಗನಿಗೆ ಬ್ಯಾಟಿಂಗ್ ಸಿಗುವುದು ಎರಡು ಮೂರು ನಿಮಿಷ. ಕಲಿಸುವವರು ಮೊಬೈಲ್ ನೋಡುತ್ತಿರುತ್ತಾರಾ? ಕರಪತ್ರದಲ್ಲಿ ಫೋಟೊ ಇರುವ ಗುರುಗಳೇ ಕಲಿಸುತ್ತಾರಾ, ಇಲ್ಲ ಪಿಯುಸಿ ಓದುವ ಹಳೆಯ ವಿದ್ಯಾರ್ಥಿಯಾ? ಹಳೆಯ ವಿದ್ಯಾರ್ಥಿ ಕಲಿಸಿದರೆ ತಪ್ಪೇನಿಲ್ಲ, ಕೆಲವರು ಗುರುಗಳಿಗಿಂತ ಚೆನ್ನಾಗಿ ಕಲಿಸುತ್ತಾರೆ. ಆದರೆ ಅದನ್ನು ಮೊದಲೇ ಹೇಳಬೇಕು.

ಡ್ರಾಯಿಂಗ್ ಕ್ಲಾಸಾದರೆ ಮಕ್ಕಳ ಪುಸ್ತಕ ತಿರುವಿ ನೋಡಿ. ಹತ್ತು ಮಕ್ಕಳ ಪುಸ್ತಕದಲ್ಲೂ ಅದೇ ಎರಡು ಬೆಟ್ಟ, ಮಧ್ಯ ಸೂರ್ಯ, ಪಕ್ಕದಲ್ಲಿ ತೆಂಗಿನಮರ ಇದ್ದರೆ ಅಲ್ಲಿ ಬರೀ ಕಾಪಿ ಮಾಡಿಸುತ್ತಿದ್ದಾರೆ. ಎದುರಿಗೆ ಒಂದು ಚೊಂಬು ಇಟ್ಟು ಬರೆಸಿದ ಸೊಟ್ಟ ಚಿತ್ರಗಳು ಕಂಡರೆ ಖುಷಿಪಡಿ.

6. ಮಗುವಿನ ಸುರಕ್ಷತೆ

ಸಂಕೋಚ ಬೇಡ. ಕ್ಲಾಸಿನಲ್ಲಿ ಯಾರ್ಯಾರು ಇರುತ್ತಾರೆ, ಒಬ್ಬರೇ ಒಬ್ಬ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭ ಬರುತ್ತದಾ ಕೇಳಿ. ಶೌಚಾಲಯ ಎಲ್ಲಿದೆ ಅಂತ ಖುದ್ದಾಗಿ ಹೋಗಿ ನೋಡಿ. ಚಿಲಕ ಇದೆಯಾ, ನೀರಿದೆಯಾ, ಕೆಳಗಿನ ಅಂಗಡಿಯವರೂ ಅದನ್ನೇ ಬಳಸುತ್ತಾರಾ? ಮಹಡಿ ಮೇಲಿದ್ದರೆ ಮೆಟ್ಟಿಲಿಗೆ ಕಂಬಿ ಇದೆಯಾ? ಕ್ಲಾಸು ಬಿಟ್ಟ ಮೇಲೆ ಮಗುವನ್ನು ಯಾರ ಕೈಗೆ ಕೊಡುತ್ತಾರೆ? ಗೊತ್ತಿಲ್ಲದವರು "ನಾನು ಅವರ ಚಿಕ್ಕಪ್ಪ" ಅಂತ ಬಂದರೆ ಕಳಿಸಿಬಿಡುತ್ತಾರಾ?

ಈಜಿಗೆ ಸೇರಿಸುವುದಾದರೆ ಕೋಚ್ ನೀರಿನೊಳಗೆ ಇರುತ್ತಾರಾ, ದಡದ ಮೇಲೆ ನಿಂತು ಕೂಗುತ್ತಾರಾ ಅನ್ನುವುದನ್ನು ನೋಡಿ. ಮಕ್ಕಳಿಗೆ ಕಡಿಮೆ ಆಳದ ಕೊಳ ಬೇರೆ ಇರಬೇಕು, ಕೋಚ್ ಅಲ್ಲದೆ ಕಾವಲಿಗೆ ಇನ್ನೊಬ್ಬರು ಇರಬೇಕು. ಸ್ಕೇಟಿಂಗಿಗೆ ಹೆಲ್ಮೆಟ್ ಇಲ್ಲದೆ ಇಳಿಸುವ ಕಡೆ ಬೇಡ.

ಸೇರಿಸಿದ ಮೇಲೆ ದಿನಾ "ಇವತ್ತು ಏನು ಕಲಿತೆ?" ಅಂತ ಪರೀಕ್ಷೆ ಮಾಡುವ ಬದಲು "ಇವತ್ತು ಯಾರ ಪಕ್ಕ ಕೂತಿದ್ದೆ, ಯಾರಿಗೆ ಬೈದರು?" ಅಂತ ಕೇಳಿ. ಮಕ್ಕಳು ಇದಕ್ಕೆ ಬಾಯಿಬಿಡುತ್ತಾರೆ. ಮಗು ಇದ್ದಕ್ಕಿದ್ದಂತೆ ಒಬ್ಬರ ಹೆಸರು ಹೇಳಿದರೆ ಬೆಚ್ಚುತ್ತದೆ, ಹೋಗುವ ಹೊತ್ತಿಗೆ ಹೊಟ್ಟೆನೋವು ಅನ್ನುತ್ತದೆ ಅಂದರೆ ಸೋಮಾರಿತನ ಅಂತ ಗದರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಲೈಂಗಿಕ ಕಿರುಕುಳದ ಸಂಶಯ ಇದ್ದರೆ 2012ರ ಪೋಕ್ಸೊ ಕಾಯ್ದೆ ಇದೆ. ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಆ ಕಾಯ್ದೆ. "ಊರಲ್ಲಿ ಎಲ್ಲರಿಗೂ ಬೇಕಾದವರು, ಹೇಗೆ ಹೇಳೋದು" ಅನ್ನುವ ಮಾತಿಗೆ ಜಾಗ ಇಲ್ಲ.

7. ಫೀಸಿನ ಮಾತು

"ಸರ್, ತಿಂಗಳ ಫೀಸು ಬಿಟ್ಟು ವರ್ಷಕ್ಕೆ ಇನ್ನೇನು ಖರ್ಚು ಬರುತ್ತೆ?" ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ. ಕರಾಟೆಗೆ ಯೂನಿಫಾರ್ಮ್, ಬೆಲ್ಟ್ ಟೆಸ್ಟಿನ ಫೀಸು, ಟೂರ್ನಮೆಂಟಿನ ಎಂಟ್ರಿ, ಓಡಾಟ. ಭರತನಾಟ್ಯಕ್ಕೆ ಗೆಜ್ಜೆ, ಸ್ಟೇಜ್ ಕಾರ್ಯಕ್ರಮದ ಡ್ರೆಸ್ಸು, ಮೇಕಪ್ಪು, ಕೆಲವು ಕಡೆ ಸಭಾಂಗಣದ ಬಾಡಿಗೆಯಲ್ಲೂ ಪಾಲು. ಎಷ್ಟೋ ಮನೆಗಳಲ್ಲಿ ತಿಂಗಳ ಫೀಸಿಗಿಂತ ಇದೇ ಜಾಸ್ತಿಯಾಗುತ್ತದೆ. ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅನ್ನುತ್ತಾರೆ. ಮೊದಲ ಮೂರು ತಿಂಗಳು ತಿಂಗಳು ತಿಂಗಳೇ ಕಟ್ಟಿ, ಡಿಸ್ಕೌಂಟ್ ಹೋದರೆ ಹೋಗಲಿ. ಕೀಬೋರ್ಡು, ದುಬಾರಿ ಬ್ಯಾಟು, ಸ್ಕೇಟು ಕೂಡ ಆಮೇಲೆಯೇ. ಅಲ್ಲಿವರೆಗೆ ಯಾರದ್ದಾದರೂ ಹಳೆಯದು ಸಿಗುತ್ತದಾ ನೋಡಿ. ರಸೀದಿ ಮಾತ್ರ ಕೇಳಿ ಪಡೆಯಿರಿ. ಯುಪಿಐನಲ್ಲಿ ಕಳಿಸಿದರೆ ಯಾವ ತಿಂಗಳಿನದು ಅಂತ ಬರೆದು ಕಳಿಸಿ.

8. ಸರ್ಟಿಫಿಕೇಟಿಗೆ ಮರುಳಾಗಬೇಡಿ

ಸಂಗೀತ, ನೃತ್ಯ, ತಾಳವಾದ್ಯಕ್ಕೆ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು. ಆಮೇಲೆ ಅದು ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಹೋಯಿತು. ಚಿತ್ರಕಲೆಗೆ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಇದೆ. ಟೀಚರ್ ಈ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸುತ್ತಾರೆ ಅಂದರೆ ಒಂದು ಪಠ್ಯಕ್ರಮ ಹಿಡಿದು ಕಲಿಸುತ್ತಾರೆ ಅನ್ನುವ ಧೈರ್ಯ ಇಟ್ಟುಕೊಳ್ಳಬಹುದು. "ಇಂಟರ್‌ನ್ಯಾಷನಲ್ ಲೆವೆಲ್ ಸರ್ಟಿಫಿಕೇಟ್" ಅಂತ ಬೇರೇನೋ ತೋರಿಸಿದರೆ ಯಾರು ಕೊಡುತ್ತಾರೆ, ಎಲ್ಲಿ ಪ್ರಯೋಜನಕ್ಕೆ ಬರುತ್ತದೆ ಕೇಳಿ. "ಎರಡೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅನ್ನುವವರಿಂದ ದೂರ ಇರಿ.

9. ಸೇರಿಸಿ, ನೋಡಿ, ಬೇಕಾದರೆ ಬಿಡಿಸಿ

ಎರಡು ಮೂರು ಕ್ಲಾಸು ನೋಡಿಬಂದ ಮೇಲೆ ಮಗುವಿನ ಎದುರು ಅವನ್ನಿಟ್ಟು ಕೇಳಿ. "ಏನು ಕಲಿಯುತ್ತೀಯ?" ಅಂತ ಗಾಳಿಯಲ್ಲಿ ಕೇಳಿದರೆ ಫ್ರೆಂಡ್ ಹೋಗುವ ಕ್ಲಾಸನ್ನೇ ಹೇಳುತ್ತದೆ. ಫ್ರೆಂಡ್ ಇದ್ದಾನೆ ಅನ್ನುವುದೂ ಚಿಕ್ಕ ಕಾರಣವೇನಲ್ಲ ಬಿಡಿ, ಜೊತೆ ಇದ್ದರೆ ಮಳೆಯಲ್ಲೂ ಹೋಗುತ್ತವೆ.

ಸೇರಿಸುವ ದಿನವೇ ಒಪ್ಪಂದ ಮಾಡಿಕೊಳ್ಳಿ: ಮೂರು ತಿಂಗಳು ತಪ್ಪದೆ ಹೋಗಬೇಕು, ಆಮೇಲೆ ಬೇಡ ಅಂದರೆ ಬಲವಂತ ಇಲ್ಲ. ಎರಡನೇ ವಾರದ "ಹೋಗಲ್ಲ"ಕ್ಕೂ ಮೂರನೇ ತಿಂಗಳ "ಹೋಗಲ್ಲ"ಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಹೊಸ ಜಾಗದ ಅಂಜಿಕೆ, ಸ್ವಲ್ಪ ಪುಸಲಾಯಿಸಬಹುದು. ಎರಡನೆಯದನ್ನು ಕೇಳಿಸಿಕೊಳ್ಳಬೇಕು. ಬೈಗುಳ, ಹೊಡೆತದ ಕಾರಣಕ್ಕೆ ಹೋಗಲ್ಲ ಅಂದರೆ ಮಾತ್ರ ಒಪ್ಪಂದ ಗಿಪ್ಪಂದ ಏನೂ ಇಲ್ಲ, ಅವತ್ತೇ ಬಿಡಿಸಿ.

ಬಿಟ್ಟರೆ ಕಲಿತದ್ದೆಲ್ಲ ಹೋಯಿತು ಅನ್ನುವ ಸಂಕಟ ಬೇಡ. ಕಡೂರಿನ ವೇದಾ ಕೃಷ್ಣಮೂರ್ತಿ ಚಿಕ್ಕಂದಿನಲ್ಲಿ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದವರು. ಆಮೇಲೆ ಅವರು ಭಾರತ ತಂಡಕ್ಕೆ ಆಡಿದ್ದು ಕ್ರಿಕೆಟ್, 2017ರ ವಿಶ್ವಕಪ್ ಫೈನಲ್ ಕೂಡ.

ಬಿಡಿಸುವಾಗ ಫೋನ್ ತೆಗೆಯದೆ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಬೇಡಿ, ಚಿಕ್ಕ ಊರು, ನಾಳೆ ಸಂತೆಯಲ್ಲೋ ಮದುವೆ ಮನೆಯಲ್ಲೋ ಸಿಗುತ್ತಾರೆ. ಮಗುವನ್ನು ಕರೆದುಕೊಂಡು ಹೋಗಿ, "ಮಿಸ್, ಈ ತಿಂಗಳಿಗೆ ನಿಲ್ಲಿಸುತ್ತಿದ್ದೇವೆ" ಅಂತ ಹೇಳಿ, ಬಾಕಿ ಇದ್ದರೆ ಕೊಟ್ಟು, ಪರೀಕ್ಷೆ ಕಟ್ಟಿದ್ದರೆ ಅದರ ಸರ್ಟಿಫಿಕೇಟ್ ಯಾವಾಗ ಬರುತ್ತದೆ ಕೇಳಿ ಬನ್ನಿ. ಯೂನಿಫಾರ್ಮು, ಗೆಜ್ಜೆ, ಪುಸ್ತಕ ಮನೆಯಲ್ಲಿ ಇಟ್ಟುಕೊಂಡು ಏನೂ ಆಗುವುದಿಲ್ಲ. ಅದೇ ಕ್ಲಾಸಿನ ಗ್ರೂಪಿನಲ್ಲಿ ಅಳತೆ ಬರೆದು ಹಾಕಿ. ಹೊಸದಾಗಿ ಸೇರಿದವರು ಯಾರಾದರೂ ಬಂದು ತೆಗೆದುಕೊಂಡು ಹೋಗುತ್ತಾರೆ.